ಕೇಳದೆ ತೆಗೆದ ಫೋಟೋ ಕಳವೇ?

*ಇಂದಿನ ಚಿಂತನೆ: ಎರಡನೆಯ ಶೀಲ*

ಪಂಚಶೀಲದ ಎರಡನೆಯ ಶೀಲವನ್ನು ನಾವು "ಕಳವು ಮಾಡಬಾರದು" ಎಂದು ಹೇಳಿ ಮುಂದಿನದಕ್ಕೆ ಹೋಗಿಬಿಡುತ್ತೇವೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಅದು ಇದೆ. ನಮ್ಮಲ್ಲಿ ಯಾರೂ ಕನ್ನ ಹಾಕುವವರಲ್ಲ, ಜೇಬಿಗೆ ಕೈ ಹಾಕುವವರಲ್ಲ. ಆದ್ದರಿಂದ ಐದರಲ್ಲಿ ಇದೇ ಸುಲಭದ್ದು ಅನ್ನಿಸುತ್ತದೆ.

ಆದರೆ ಪಾಲಿಯಲ್ಲಿರುವ ಪದ ಅದಿನ್ನಾದಾನ. ಅದಿನ್ನ ಎಂದರೆ ಕೊಡದೇ ಇದ್ದದ್ದು. ಆದಾನ ಎಂದರೆ ತೆಗೆದುಕೊಳ್ಳುವುದು. ಪದವನ್ನು ಹೀಗೆ ಬಿಡಿಸಿದ ಕೂಡಲೇ ಶೀಲ ದೊಡ್ಡದಾಗುತ್ತದೆ. ದುಡ್ಡು, ಒಡವೆ, ಜಮೀನು ಮಾತ್ರವಲ್ಲ, ಇನ್ನೊಬ್ಬರ ಶ್ರಮ, ಸಮಯ, ಹೆಸರು ಎಲ್ಲವೂ ಇದರೊಳಗೆ ಬರುತ್ತವೆ. ಹಾಗಾದರೆ ಇನ್ನೊಬ್ಬರ ಮುಖ?

ಈ ಪ್ರಶ್ನೆ ಕೇಳಿದವನು ನನ್ನ ಹಳೆಯ ವಿದ್ಯಾರ್ಥಿ. ಪೀಣ್ಯ ಎರಡನೇ ಹಂತದ ಒಂದು ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಮಷೀನ್ ಓಡಿಸುತ್ತಾನೆ. ಭಾನುವಾರ ರಜೆ. ಅಂದು ಬೆಳಿಗ್ಗೆ ತಾನೇ ಅಡುಗೆ ಮಾಡುತ್ತಾನೆ, ಮಾಡಿದ್ದನ್ನು ಫೋಟೋ ತೆಗೆಯುತ್ತಾನೆ, ಆಮೇಲೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮೆಟ್ರೋ ಹತ್ತುತ್ತಾನೆ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿದರೆ ವೈಟ್‌ಫೀಲ್ಡ್‌ವರೆಗೂ ಹೋಗಬಹುದು. ದಿನವಿಡೀ ಬೀದಿ ಸುತ್ತಿ ಜನರ ಚಿತ್ರ ತೆಗೆಯುವುದು ಅವನ ಹವ್ಯಾಸ.

ಅವನ ಅಡುಗೆಯ ಫೋಟೋಗಳು ಚೆನ್ನಾಗಿರುತ್ತವೆ. ಕಿಟಕಿಯ ಬೆಳಕಿನಲ್ಲಿ ಹಬೆಯಾಡುವ ಮುದ್ದೆ, ಬಸ್ಸಾರು, ಕೆಲವು ವಾರ ಬೋಟಿ ಗೊಜ್ಜು. ಒಂದು ತಲೆಮಾರಿನ ಹಿಂದೆ ನಮ್ಮವರು ಡಬ್ಬಿಯ ಮುಚ್ಚಳವನ್ನು ಅರ್ಧ ತೆರೆದು, ಅದನ್ನೇ ಮರೆಮಾಡಿಕೊಂಡು ಉಣ್ಣುತ್ತಿದ್ದರು. ಆ ಊಟವನ್ನು ಬೆಳಕಿಗೆ ಇಟ್ಟು, ಬಣ್ಣಬಣ್ಣವಾಗಿ, "ಇದು ನಮ್ಮನೆ ಊಟ" ಎಂದು ಸ್ಟೇಟಸ್‌ಗೆ ಹಾಕುವುದು ಸಣ್ಣ ಮಾತಲ್ಲ.

ಒಂದು ಭಾನುವಾರ ಹೋಪ್‌ಫಾರ್ಮ್ ಹತ್ತಿರ ಫುಟ್‌ಪಾತ್ ಮೇಲೆ ಕೂತು ಡಬ್ಬಿ ಬಿಚ್ಚಿ ತಿನ್ನುತ್ತಿದ್ದ ಪೌರಕಾರ್ಮಿಕ ಮಹಿಳೆಯೊಬ್ಬರ ಚಿತ್ರ ತೆಗೆದ. ಹಿಂದೆ ಗಾಜಿನ ಕಟ್ಟಡ, ಪಕ್ಕದಲ್ಲಿ ಕಸದ ತಳ್ಳುಗಾಡಿ. ಮನೆಗೆ ಬಂದು ಅದನ್ನು ಕಪ್ಪುಬಿಳುಪು ಮಾಡಿ ಹಾಕಿದ. ಬಹಳ ಮೆಚ್ಚುಗೆ ಬಂತು. ಅದರ ನಡುವೆ ಒಬ್ಬ ಹುಡುಗ ಬರೆದಿದ್ದ: "ಅಣ್ಣ, ಇವರು ನಮ್ಮಮ್ಮ. ಅವತ್ತು ಚಿತ್ರಾನ್ನ ಮಾಡ್ಕೊಂಡು ಹೋಗಿದ್ರು. ಬಣ್ಣ ಯಾಕೆ ತೆಗೆದ್ರಿ?"

ಇವನು ಕೂಡಲೇ ಚಿತ್ರ ಅಳಿಸಿದ. ಆಮೇಲೆ ನನಗೆ ಫೋನ್ ಮಾಡಿ ಕೇಳಿದ: "ಮೇಡಂ, ರಸ್ತೇಲಿ ಎಲ್ಲರಿಗೂ ಕಾಣೋದನ್ನೇ ತಾನೆ ನಾನು ತೆಗೆದಿದ್ದು. ಅದು ಕಳವಾ?"

ಬಂಧುಗಳೇ, ಸಾರ್ವಜನಿಕ ಸ್ಥಳದಲ್ಲಿ ಫೋಟೋ ತೆಗೆಯುವುದನ್ನು ಕಾನೂನು ಸಾಮಾನ್ಯವಾಗಿ ತಡೆಯುವುದಿಲ್ಲ. ಆದರೆ ಕಾನೂನು ಮುಗಿದ ಮೇಲೂ ಶೀಲದ ಪ್ರಶ್ನೆ ಉಳಿದಿರುತ್ತದೆ. ಕಳವು ಪೂರ್ಣವಾಗಲು ಐದು ಅಂಗ ಬೇಕು ಎಂದು ಪಾಲಿ ಅಟ್ಠಕಥೆಗಳು ಹೇಳುತ್ತವೆ. ವಸ್ತು ಬೇರೆಯವರದಾಗಿರಬೇಕು. ಅದು ಬೇರೆಯವರದೆಂದು ಗೊತ್ತಿರಬೇಕು. ಕದಿಯುವ ಮನಸ್ಸಿರಬೇಕು. ಪ್ರಯತ್ನ ನಡೆಯಬೇಕು. ಕೊನೆಗೆ ವಸ್ತು ಕೈಸೇರಬೇಕು. ಈ ಲೆಕ್ಕದಲ್ಲಿ ನನ್ನ ವಿದ್ಯಾರ್ಥಿ ಕಳ್ಳನಲ್ಲ. ಕದಿಯುವ ಮನಸ್ಸು ಅವನಿಗಿರಲಿಲ್ಲ, ಆ ತಾಯಿಯ ಮುಖವೂ ಅವರ ಬಳಿಯೇ ಇದೆ. ಅವನ ಸಂಕಟ ಮಾತ್ರ ಇದರಿಂದ ಕಡಿಮೆಯಾಗಲಿಲ್ಲ. ಏನೋ ಒಂದು ಕೈತಪ್ಪಿದೆ ಎಂದು ಅವನಿಗೂ ಗೊತ್ತಿತ್ತು, ಆ ಮಗನಿಗೂ ಗೊತ್ತಿತ್ತು.

ಹೋದದ್ದು ಯಾವುದು? ತಾನು ಹೇಗೆ ಕಾಣಿಸಿಕೊಳ್ಳಬೇಕು ಎಂದು ತಾನೇ ತೀರ್ಮಾನಿಸುವ ಹಕ್ಕು. ನಮಗೆ ಇದು ಹೊಸ ವಿಷಯವಲ್ಲ. ಯಾವ ಬಟ್ಟೆ ಉಡಬೇಕು, ಯಾವ ಲೋಹದ ಒಡವೆ ಹಾಕಬೇಕು ಎಂಬುದನ್ನು ಶತಮಾನಗಳ ಕಾಲ ನಮ್ಮವರಿಗಾಗಿ ಬೇರೆಯವರೇ ತೀರ್ಮಾನಿಸಿದರು. ಅದಕ್ಕೇ 1927ರ ಡಿಸೆಂಬರ್‌ನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಉದ್ದೇಶಿಸಿ ಮಾತನಾಡುವಾಗ ಸೀರೆ ಉಡುವ ರೀತಿಯ ಬಗ್ಗೆ, ಅಸ್ಪೃಶ್ಯತೆಯ ಗುರುತಾಗಿದ್ದ ಒಡವೆಗಳನ್ನು ಬಿಡುವ ಬಗ್ಗೆ ಹೇಳಿದರು. ಕೆರೆಯ ನೀರಿನ ಹೋರಾಟದ ನಡುವೆ ಸೀರೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನೋಡುವವರ ಕಣ್ಣಿಗೆ ನಾವು ಏನಾಗಿ ಕಾಣಬೇಕು ಎಂಬುದೂ ಸ್ವಾಭಿಮಾನದ ಹೋರಾಟವೇ. ನಮ್ಮ ಮನೆ ಗೋಡೆಯ ಮೇಲೆ ಬಾಬಾಸಾಹೇಬರು ಸೂಟು ತೊಟ್ಟು ನಿಂತಿರುವುದರ ಅರ್ಥವೂ ಇದೇ.

ಕ್ಯಾಮೆರಾ ಈ ದೇಶಕ್ಕೆ ಬಂದ ಹೊಸತರಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ "ದಿ ಪೀಪಲ್ ಆಫ್ ಇಂಡಿಯಾ" ಎಂಬ 8 ಸಂಪುಟಗಳನ್ನು ಹೊರತಂದಿತು. ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ನಿಲ್ಲಿಸಿ ಚಿತ್ರ ತೆಗೆದರು. ಇವತ್ತು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ಮನೆಕೆಲಸದ ಹೆಣ್ಣುಮಕ್ಕಳ ಫೋಟೋ ತೆಗೆದು ಆ್ಯಪ್‌ಗೆ ಏರಿಸುತ್ತಾರೆ. ಫ್ಯಾಕ್ಟರಿಗೆ ಐಡಿ ಕಾರ್ಡು, ಹಾಜರಿಗೆ ಮುಖದ ಸ್ಕ್ಯಾನು. ಯಾರ ಒಪ್ಪಿಗೆಯನ್ನೂ ಸರಿಯಾಗಿ ಕೇಳುವುದಿಲ್ಲ, ಬೇಡ ಎಂದರೆ ಕೆಲಸವಿಲ್ಲ. ದಿನವೂ ಇಷ್ಟೊಂದು ಕ್ಯಾಮೆರಾಗಳ ಮುಂದೆ ಹಾಯುವ ಹೆಣ್ಣುಮಗಳು ಫುಟ್‌ಪಾತ್ ಮೇಲೆ ಕೂತು ಊಟ ಮಾಡುವಾಗ ಎದುರಾಗುವ ಇನ್ನೊಂದು ಕ್ಯಾಮೆರಾ ಅದೇ ಸಾಲಿಗೆ ಸೇರಿಬಿಡುತ್ತದೆ, ಹಿಡಿದವನು ನಮ್ಮ ಹುಡುಗನೇ ಆಗಿದ್ದರೂ.

ಅವನಿಗೆ ನಾನು ಹೇಳಿದ್ದು ಇಷ್ಟು: "ಅಳಿಸಿದರೆ ಅಲ್ಲಿಗೆ ಮುಗಿಯೋದಿಲ್ಲಪ್ಪ. ಬಣ್ಣದ್ದೇ ಒಂದು ಪ್ರತಿ ಪ್ರಿಂಟ್ ಹಾಕಿಸಿ ಅವರಿಗೆ ಕೊಡು." ಮುಂದಿನ ವಾರ ಹೋಗಿ ಕೊಟ್ಟ. ಆ ತಾಯಿ ನೋಡಿ, "ಇದು ಬೇಡಪ್ಪ. ಏಪ್ರಿಲ್ 14ಕ್ಕೆ ಬಿಳಿ ಸೀರೆ ಉಡ್ತೀನಲ್ಲ, ಆಗ ಬಾ" ಅಂದರಂತೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಎಲ್ಲರೂ ಬಿಳಿ ಸೀರೆಯ ಚಿತ್ರವನ್ನೇ ತೆಗೆದರೆ ಫುಟ್‌ಪಾತಿನ ಊಟವನ್ನು ತೋರಿಸುವವರು ಯಾರು? ಬೀದಿ ಗುಡಿಸುವವರಿಗೆ ಕೂತು ಉಣ್ಣಲು ಒಂದು ನೆರಳಿಲ್ಲ ಎಂಬುದು ಯಾರಿಗೆ ಗೊತ್ತಾಗಬೇಕು?

ಇದಕ್ಕೆ ಉತ್ತರ ನಮ್ಮ ಪಕ್ಕದ ಕೆಜಿಎಫ್‌ನಲ್ಲೇ ಇದೆ. ಮಲ ಹೊರುವ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಅಲ್ಲಿನ ಒಣ ಪಾಯಿಖಾನೆಗಳ ವಿರುದ್ಧ ಹೋರಾಟಕ್ಕೆ ಇಳಿದಾಗ ಅಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. ಪತ್ರಗಳಿಂದ ಮಾತ್ರ ಆಗದ ಕೆಲಸಕ್ಕೆ ಫೋಟೋಗಳೂ ನೆರವಾದವು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಚಿತ್ರಗಳು ಆಡಳಿತದತ್ತ, ವ್ಯವಸ್ಥೆಯತ್ತ ಬೆರಳು ಮಾಡಿದವು. ನೋಡಿದವರು "ಅಯ್ಯೋ ಪಾಪ" ಎಂದು ಮುಂದೆ ಹೋಗಲು ಆಗಲಿಲ್ಲ, ಯಾರೋ ಉತ್ತರ ಕೊಡಬೇಕಾಯಿತು.

ಮದುರೈಯ ಎಂ. ಪಳನಿ ಕುಮಾರ್ ಅವರದ್ದೂ ಇದೇ ದಾರಿ. ಮೀನು ಮಾರುವ ತಾಯಿಯ ಮಗ. ತಾಯಿಯ ದುಡಿಮೆಯ ಚಿತ್ರ ತೆಗೆದರು, ಪೌರಕಾರ್ಮಿಕರ ಬದುಕಿನ ಚಿತ್ರ ತೆಗೆದರು, ಆ ಕಾರ್ಮಿಕರ ಮಕ್ಕಳಿಗೆ ಫೋಟೋಗ್ರಫಿಯನ್ನೂ ಕಲಿಸಿದರು. ಚಿತ್ರದಲ್ಲಿದ್ದವರ ಮನೆಗೇ ಕ್ಯಾಮೆರಾ ಹೋಯಿತು.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರನ್ನೂ ಇಲ್ಲಿ ನೆನೆಯಬೇಕು. ಬೀದಿಯ ಮಕ್ಕಳು, ದುಡಿಯುವವರು, ಸಾಮಾನ್ಯ ಜನ ಇವರೇ ಅವರ ಚಿತ್ರಗಳ ತುಂಬ. 1979ರ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ. ಆದರೆ ಬಡತನ ಮಾತ್ರ ಇಲ್ಲ. ನಗು ಇದೆ, ತುಂಟತನ ಇದೆ, ಕೆಲಸದ ಬಿಗಿ ಇದೆ. ಮನುಷ್ಯನಲ್ಲಿ ಇದ್ದದ್ದನ್ನು ಅವರು ಕಳೆಯಲಿಲ್ಲ.

ಹಾಗಾಗಿ ನನಗೆ ತೋಚುವುದು ಇದು. ಪ್ರತಿ ಸಲ ಬಾಯಿಬಿಟ್ಟು ಅನುಮತಿ ಕೇಳಿದ್ದೀರಾ ಎಂಬುದೊಂದರಿಂದಲೇ ಶೀಲವನ್ನು ಅಳೆಯಲಾಗದು. ಕೇಳಿದ ಕೂಡಲೇ ಮುಖ ಬಿಗಿಯುತ್ತದೆ, ಸಹಜತೆ ಹೋಗುತ್ತದೆ ಎಂದು ಫೋಟೋಗ್ರಾಫರ್‌ಗಳು ಹೇಳುವುದು ಸುಳ್ಳಲ್ಲ. ಆದರೆ ಊಟಕ್ಕೆ ಬಡಿಸುವಾಗಿನ ನಡತೆ ನಮಗೆಲ್ಲ ಗೊತ್ತಿದೆಯಲ್ಲ. "ಇನ್ನೊಂದು ಸೌಟು ಹಾಕಲಾ?" ಎಂದು ಕೇಳುತ್ತೇವೆ, ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ನಿಲ್ಲಿಸುತ್ತೇವೆ. ಬೀದಿಯಲ್ಲೂ ಜನ ಕೈ ಅಡ್ಡ ಹಿಡಿಯುತ್ತಾರೆ. ಕಣ್ಣು ತಪ್ಪಿಸುತ್ತಾರೆ, ಸೆರಗು ಎಳೆದುಕೊಳ್ಳುತ್ತಾರೆ, ಡಬ್ಬಿಯನ್ನು ಮಗ್ಗುಲಿಗೆ ಸರಿಸುತ್ತಾರೆ. ಅದನ್ನು ಕಂಡೂ ಒತ್ತಿದ ಬಟನ್ ಅದಿನ್ನಾದಾನವೇ. ಕಾಣದೆ ಒತ್ತಿದ್ದಾದರೆ, ಆಮೇಲಾದರೂ ತೋರಿಸಿ ಕೇಳಲು ದಾರಿ ಇದ್ದೇ ಇದೆ.

ಫೋಟೋ ತೆಗೆಯುವವರು ಈಗ ಒಬ್ಬಿಬ್ಬರಲ್ಲ. ನಮ್ಮೆಲ್ಲರ ಕೈಯಲ್ಲೂ ಫೋನ್ ಇದೆ. ಆದ್ದರಿಂದ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ:

1. ಈ ಚಿತ್ರವನ್ನು ಅವರ ಎದುರಿಗೇ ನಿಂತು ತೋರಿಸಬಲ್ಲೆನೆ?
2. ಚಿತ್ರ ಯಾರತ್ತ ಬೆರಳು ಮಾಡುತ್ತಿದೆ? ದುಡಿಯುವವರತ್ತಲೋ, ಅವರನ್ನು ಹಾಗೆ ಇಟ್ಟವರತ್ತಲೋ?
3. ಇದರಿಂದ ನನಗೆ ಹೆಸರೋ ಹಣವೋ ಬಂದರೆ ಅದರಲ್ಲಿ ಅವರ ಪಾಲು ಏನು?

*ಇಂದಿನ ಅಭ್ಯಾಸ:* ನಿಮ್ಮ ಫೋನಿನ ಗ್ಯಾಲರಿ ತೆರೆಯಿರಿ. ಮದುವೆಯಲ್ಲಿ, ವಿಹಾರದಲ್ಲಿ, ಕೆಲಸದ ಜಾಗದಲ್ಲಿ ಕೇಳದೆ ತೆಗೆದ ಯಾರದಾದರೂ ಒಂದು ಫೋಟೋ ಇದ್ದೇ ಇರುತ್ತದೆ. ಅದನ್ನು ಅವರಿಗೇ ಕಳಿಸಿ, "ಇದು ನನ್ನ ಹತ್ತಿರ ಇರಬಹುದಾ?" ಎಂದು ಕೇಳಿ. ಬೇಡ ಎಂದರೆ ಅಳಿಸಿ. ಅವರು ಏನು ಹೇಳಿದರು ಎಂಬುದನ್ನು ಭಾನುವಾರದ ಅಧ್ಯಯನದಲ್ಲಿ ಹಂಚಿಕೊಳ್ಳೋಣ.

ಜೈ ಭೀಮ್. ನಮೋ ಬುದ್ಧಾಯ. 🙏