ಅಗ್ಗದ ಅಕ್ಕಿಯೂ ಬೆಳೆಗಾರನ ಪಾಲೂ

ಅಕ್ಕಿಯು ಅಗ್ಗವಾದರೆ ಬಡವನಿಗೆ ಲಾಭವಲ್ಲವೋ? ಹೌದು. ಆದರೆ ಆ ಲಾಭದ ನಷ್ಟವನ್ನು ಹೊರುವವನು ಯಾರೆಂದು ವಿಚಾರಿಸುವದೂ ನಮ್ಮ ಕರ್ತವ್ಯವಾಗಿದೆ.

ಫಿಲಿಪ್ಪೀನ್ಸ್ ದೇಶವು 2019ರಲ್ಲಿ ಅಕ್ಕಿಯ ಆಮದಿಗಿದ್ದ ಮಿತಿಯನ್ನು ತೆಗೆದು, ನೆರೆಯ ಆಗ್ನೇಯ ಏಷ್ಯದ ದೇಶಗಳ ಅಕ್ಕಿಗೆ ನೂರಕ್ಕೆ 35ರಂತೆ ಸುಂಕವನ್ನು ನೇಮಿಸಿತು. ವಿಯೆಟ್ನಾಮಿನ ಅಗ್ಗದ ಅಕ್ಕಿಯು ಹೇರಳವಾಗಿ ಬಂತು. ಅದೇ ವರುಷ ಅಲ್ಲಿಯ ರೈತನ ಭತ್ತದ ಬೆಲೆಯು ಬಹಳವಾಗಿ ಇಳಿಯಿತು. ಆದಾಗ್ಯೂ ಅದೇ ಕಾನೂನು ಸುಂಕದ ಹಣದಿಂದ ವರುಷಕ್ಕೆ 1,000 ಕೋಟಿ ಪೆಸೊಗಳನ್ನು ಬೆಳೆಗಾರರಿಗೋಸ್ಕರ ಪ್ರತ್ಯೇಕಿಸಿತು: ಅರ್ಧವು ಯಂತ್ರಗಳಿಗೆ, 300 ಕೋಟಿ ಬೀಜಕ್ಕೆ, ಉಳಿದದ್ದು ಸಾಲಕ್ಕೂ ತರಬೇತಿಗೂ. 2024ರಲ್ಲಿ ಈ ಮೊತ್ತವು 3,000 ಕೋಟಿಗೆ ಏರಿಸಲ್ಪಟ್ಟಿತು.

ಇದು ಭಿಕ್ಷವೋ? ಅಲ್ಲ. ಪೈರನ್ನು ಹೊಲದ ಮೂಲೆಯ ವರೆಗೂ ಕೊಯ್ಯದೆ ಬಡವರಿಗೆ ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿತು. ಅದು ಒಡೆಯನ ದಯೆಯಲ್ಲ, ಬಡವನ ಹಕ್ಕು. ಹಾಗೆಯೇ ಅಗ್ಗದ ಅನ್ನವನ್ನು ಉಣ್ಣುವವರು ಬೆಲೆಯಿಳಿದು ಸೊರಗಿದ ಬೆಳೆಗಾರನಿಗೆ ಋಣಿಗಳಾಗಿದ್ದಾರೆ.

ಆದರೆ ಆ ಯಂತ್ರಗಳು ಒಬ್ಬೊಬ್ಬನಿಗಲ್ಲ, ರೈತರ ಸಂಘಗಳಿಗೆ ಕೊಡಲ್ಪಟ್ಟವು. ಸಂಘವನ್ನು ಸೇರದ ಗೇಣಿದಾರನ ಗತಿಯೇನು? ಆದಕಾರಣ ಪಾಲನ್ನು ಎತ್ತಿಡುವದು ಮಾತ್ರ ಸಾಲದು. ಅದನ್ನು ಕಡೆಯವನ ಕೈಗೆ ಮುಟ್ಟಿಸುವದೇ ನ್ಯಾಯ. ಒಂಟಿಯಾಗಿ ದುಡಿಯುವ ನೆರೆಯವನನ್ನು ಸಂಘದೊಳಗೆ ಕರೆಯುವದು ಪ್ರೀತಿಯ ಕ್ರಿಯೆಯೇ ಎಂದು ತಿಳಿಯೋಣ.