ಗುಂಡಿಯ ಅಂಚಿನಲ್ಲಿ ನಿಂತವನು

ಶ್ರೀರಾಂಪುರದ ನಮ್ಮ ಬೀದಿಯ ಹುಡುಗನೊಬ್ಬ ಸಿಇಟಿ ಬರೆದು ಕೂತಿದ್ದಾನೆ. ಕಂಪ್ಯೂಟರ್ ಸೈನ್ಸ್ ಸಿಗುವ ರ್‍ಯಾಂಕಲ್ಲ. ಸಿವಿಲ್ ಸಿಗುತ್ತೆ. ಮೊನ್ನೆ ಸಂಜೆ ಬಂದು, "ಅಣ್ಣಾ, ಸಿವಿಲ್ ತಗೊಳ್ಲಾ?" ಅಂದ. ನಾನು ಕನ್ನಡ ಎಂ.ಎ. ಮಾಡಿದವನು, ಪದ್ಯ ಬರೆಯೋನು. ನಮ್ಮ ಮನೇಲಿ ಡಿಗ್ರಿ ಕಂಡ ಮೊದಲಿಗ ನಾನೇ ಆದ್ದರಿಂದ ಜಗತ್ತಿನ ಎಲ್ಲ ಡಿಗ್ರಿಗಳ ವಿಷಯವೂ ನನಗೆ ಗೊತ್ತು ಅಂತ ಬೀದಿಯವರ ನಂಬಿಕೆ. ಹುಡುಗನ ಹಿಂದೆಯೇ ಅವನವ್ವನೂ ಬಂದಿದ್ದರು. "ಓದಿ ತಿರುಗಾ ಮಣ್ಣಿಗೇ ಬೀಳ್ಬೇಕಾ? ಅವರಪ್ಪ ಬಿದ್ದಿದ್ದು ಸಾಲ್ದಾ?" ಅಂದರು. ನನ್ನನ್ನೂ ಕೇಳಲಿಲ್ಲ, ಮಗನನ್ನೂ ಕೇಳಲಿಲ್ಲ, ಗೋಡೆಯನ್ನು ಕೇಳಿದಂತಿತ್ತು.

ಸಂಬಳದ ಮಾತಾದರೆ ಬೇಗ ಮುಗಿಯುತ್ತೆ. ಖಾಸಗಿಯವರಲ್ಲಿ ಮೊದಲ ವರ್ಷಗಳಲ್ಲಿ ದುಡ್ಡು ಕಮ್ಮಿ, ಬಿಸಿಲು ಜಾಸ್ತಿ. ಲೋಕೋಪಯೋಗಿ, ನೀರಾವರಿ ಇಲಾಖೆಗಳ ನೇಮಕಾತಿಗೆ ಕಾಯುತ್ತ ಕೂತರೆ ವಯಸ್ಸು ಕಳೆಯುತ್ತೆ. ಇಷ್ಟನ್ನು ಹೇಳಿದೆ. ಆದರೆ ಆ ತಾಯಿ ಕೇಳಿದ್ದು ಸಂಬಳವನ್ನಲ್ಲ.

ನಮ್ಮಪ್ಪ ಪೈಪ್‌ಲೈನಿಗೆ ಮಣ್ಣು ಅಗೆದವರು. ಈ ಕಡೆ ಬಡಾವಣೆಗಳು ಏಳುವಾಗ ಮನೆ ಏಳುವ ಮೊದಲು ರಸ್ತೆಯ ಕೆಳಗೆ ಇಳಿದವರು ಅವರಂಥವರೇ. ಯಾವ ಬೀದಿಯ ಮಳೆನೀರು ಯಾವ ಕಡೆಯಿಂದ ಲಿಂಗಾಂಬುಧಿ ಕೆರೆಗೆ ಇಳಿಯುತ್ತೆ ಅಂತ ನಕ್ಷೆ ನೋಡದೆ ಹೇಳುತ್ತಾರೆ. ಮಾನಂದವಾಡಿ ರಸ್ತೆಯಲ್ಲಿ 1946ರಿಂದ ಇಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಎನ್‌ಐಇ ಕಾಲೇಜಿದೆ. ಅದರ ಮುಂದಿನ ರಸ್ತೆಯನ್ನು ಅಪ್ಪ ಅಗೆದಿದ್ದಾರೆ, ಗೇಟಿನ ಒಳಕ್ಕೆ ಹೋದವರಲ್ಲ. ಅಳತೆಯ ಟೇಪಿನ ಒಂದು ತುದಿ ಇಂಜಿನಿಯರ ಕೈಲಿ, ಇನ್ನೊಂದು ತುದಿ ಅಪ್ಪನ ಕೈಲಿ. ಬರೆದುಕೊಳ್ಳುವ ಪುಸ್ತಕ ಮಾತ್ರ ಯಾವಾಗಲೂ ಒಂದೇ ಕಡೆ.

ಬಯಲಲ್ಲಿ ಮಣ್ಣು ತೆಗೆಯುವಾಗ ನಡುನಡುವೆ ಒಂದೊಂದು ಗುಡ್ಡೆಯನ್ನು ಅಗೆಯದೆ ಬಿಡುತ್ತಾರೆ. ಎಷ್ಟು ಆಳ ತೆಗೆದರು ಅನ್ನೋದಕ್ಕೆ ಅದೇ ಸಾಕ್ಷಿ, ಕೂಲಿಯ ಲೆಕ್ಕವೂ ಅದರಿಂದಲೇ. ಗೆಳೆಯನೊಬ್ಬನ ಇಂಜಿನಿಯರಿಂಗ್ ಪುಸ್ತಕದಲ್ಲಿ ಅದಕ್ಕೆ ಕೊಟ್ಟ ಹೆಸರು ನೋಡಿದೆ: 'ಡೆಡ್ ಮ್ಯಾನ್'. ಸತ್ತ ಮನುಷ್ಯ.

ನಾನು ಹೈಸ್ಕೂಲಲ್ಲಿದ್ದಾಗ ಒಂದು ಕಡೆ ಒಳಚರಂಡಿಗೆ ಅಗೆಯುತ್ತಿದ್ದ ಕಂದಕದ ಪಕ್ಕ ಕುಸಿಯಿತು. ಅಪ್ಪ ಎದೆಮಟ್ಟ ಹೂತುಹೋದರು. ಗುದ್ದಲಿ ಹಾಕಿದರೆ ಮೈಗೆ ತಾಗೀತು ಅಂತ ಜೊತೆಯವರು ಬರಿಗೈಲಿ ಕೆದಕಿ ತೆಗೆದರು. ಜೀವ ಉಳಿಯಿತು, ಸೊಂಟ ಹೋಯಿತು. ಒಂದೂವರೆ ಮೀಟರಿಗಿಂತ ಆಳ ಅಗೆದರೆ ಎರಡೂ ಪಕ್ಕಕ್ಕೆ ಹಲಗೆ ಕೊಟ್ಟು, ಅಡ್ಡಕ್ಕೆ ಮರ ಬಿಗಿದು ಮಣ್ಣನ್ನು ತಡೆಯಬೇಕು, ತೆಗೆದ ಮಣ್ಣನ್ನು ಅಂಚಿಗೇ ಸುರಿಯಬಾರದು ಅಂತ ನಿಯಮ ಇದೆಯಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆ ಕೆಲಸದ ಅಂದಾಜುಪಟ್ಟಿಯಲ್ಲಿ ಹಲಗೆಗೆ ದುಡ್ಡಿತ್ತು. ಅಳತೆ ಪುಸ್ತಕದಲ್ಲೂ ಹಲಗೆ ಇತ್ತು. ಗುಂಡಿಯಲ್ಲಿ ಇರಲಿಲ್ಲ.

ಮೇಲಿನವರು ಬರೆದರು, ಕೆಳಗಿನವರು ಹೂತುಹೋದರು ಅಂತ ಇಲ್ಲಿಗೇ ಮುಗಿಸಿದ್ದರೆ ನನಗೂ ಸುಲಭವಾಗಿತ್ತು. ಗೆಳೆಯರೆ, ಆ ಪುಸ್ತಕಕ್ಕೆ ಸಹಿ ಹಾಕಿದಾತ ನಮ್ಮವರೇ. ಅವರಪ್ಪನೂ ಮಣ್ಣು ಹೊತ್ತವರೇ. ಆಸ್ಪತ್ರೆಗೆ ಬಂದು, ಹಣ್ಣಿನ ಚೀಲ ಕೆಳಗಿಟ್ಟು, ಅಪ್ಪನ ಕಾಲ ಹತ್ತಿರ ನಿಂತು ಅತ್ತರು. "ಸಹಿ ಹಾಕ್ದಿದ್ರೆ ನನ್ನ ಎಲ್ಲಿಗೋ ಎತ್ತಾಕ್ತಿದ್ರು ಕಣಣ್ಣ" ಅಂದರು. ಸುಳ್ಳಿರಲಾರದು. ಕೋಟಾದಲ್ಲಿ ಬಂದವನು ಅಂತ ಬೆನ್ನ ಹಿಂದೆ ಆಡಿಕೊಳ್ಳುವವರ ನಡುವೆ ಒಬ್ಬನೇ ಕೂತು ಕೆಲಸ ಮಾಡುವವನ ಭಯ ಎಂಥದ್ದು ಅಂತ ನನಗೂ ಗೊತ್ತು. ಆದರೆ ಆ ಭಯದ ಭಾರ ಬಿದ್ದಿದ್ದು ಅಪ್ಪನ ಸೊಂಟದ ಮೇಲೆ.

ಮೈಸೂರಲ್ಲಿ ಇಂಜಿನಿಯರ್ ಅಂದರೆ ವಿಶ್ವೇಶ್ವರಯ್ಯನವರು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಸುಣ್ಣ-ಸುರ್ಕಿಯ ಗಾರೆಯಲ್ಲಿ ಇವತ್ತಿಗೂ ನಿಂತಿದೆ, ಅದನ್ನು ಅಲ್ಲಗಳೆಯುವವನು ನಾನಲ್ಲ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಮಾತು ಬಂದಾಗ ಒಪ್ಪದವರೂ ಅವರೇ. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು, ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ದಕ್ಷತೆ ಕೆಡುತ್ತದೆ ಅನ್ನೋ ವಾದ ಅಂದಿನಿಂದ ಇಂದಿನವರೆಗೂ ನಮ್ಮ ಬೆನ್ನು ಬಿಟ್ಟಿಲ್ಲ. ಇಲ್ಲದ ಹಲಗೆಯನ್ನು ಇದೆ ಅಂತ ಬರೆಸಿಕೊಳ್ಳುವ ದಕ್ಷತೆ ಯಾವ ಜಾತಿಯದು?

ಹಾಗಾದರೆ ಹುಡುಗ ಸಿವಿಲ್ ಬಿಡಬೇಕೆ? ನಾನು ತಗೋ ಅಂದೆ. ಕಾರಣ ಇದೆ. ಕೊಳಚೆ ತನ್ನ ಓಟದಲ್ಲೇ ಪೈಪನ್ನು ತೊಳೆದುಕೊಂಡು ಹೋಗುವಷ್ಟು ಇಳಿಜಾರು ಕೊಡಬೇಕು ಅಂತ ಲೆಕ್ಕವಿದೆ. ಇಳಿಜಾರು ತಪ್ಪಿದರೆ ಹೂಳು ಕೂರುತ್ತೆ. ಹೂಳು ಕೂತರೆ ಮನುಷ್ಯನನ್ನು ಇಳಿಸುತ್ತಾರೆ. ಯಾವ ಕೇರಿಯ ಮನುಷ್ಯನನ್ನು ಅಂತ ನಿಮಗೆ ಹೇಳಬೇಕಾಗಿಲ್ಲ. ರಕ್ಷಣೆಯಿಲ್ಲದೆ ಇಳಿಸಬಾರದು ಅಂತ 2013ರ ಕಾಯ್ದೆ ಹೇಳಿದೆ. ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಕಾನೂನು ಬರುವುದು ಸತ್ತ ಮೇಲೆ. ಇಳಿಜಾರು ಗೀಚುವವನು ಅದಕ್ಕೂ ಮೊದಲೇ ಬರುತ್ತಾನೆ. ಆ ಜಾಗದಲ್ಲಿ ಗುಂಡಿಯ ವಾಸನೆ ಗೊತ್ತಿರುವವನೊಬ್ಬ ಇರಲಿ ಅಂತ ನನ್ನ ಆಸೆ.

ವಾಸನೆ ಗೊತ್ತಿದ್ದವರೂ ಸಹಿ ಹಾಕಿದರಲ್ಲ ಅಂತ ನೀವು ಕೇಳಬಹುದು. ಹೌದು. ಅವರಿಗೆ ಕೆಲಸ ಸಿಕ್ಕ ವರ್ಷ ಅಂಬೇಡ್ಕರ್ ಜಯಂತಿಯಲ್ಲಿ ಹಾರ ಹಾಕಿ ತಮಟೆ ಬಡಿದು ಮೆರೆಸಿದೆವು. ಸಹಿ ಹಾಕಲ್ಲ ಅನ್ನಬೇಕಾಗಿದ್ದ ದಿನ ಅವರ ಹಿಂದೆ ಹತ್ತು ಜನ ನಿಲ್ಲಬೇಕಿತ್ತು. ನಾವ್ಯಾರೂ ಇರಲಿಲ್ಲ. ಇಂಥ ಒಂದು ದಿನ ಬರುತ್ತೆ ಅನ್ನೋದೂ ನಮಗೆ ತಿಳಿದಿರಲಿಲ್ಲ. ಒಬ್ಬನನ್ನು ಮೇಲಕ್ಕೆ ಹತ್ತಿಸಿ, ಅಲ್ಲಿ ಒಂಟಿಯಾಗಿ ಬಿಟ್ಟು, ಆಮೇಲೆ ದ್ರೋಹಿ ಅನ್ನುವುದು ನಮಗೂ ರೂಢಿಯಾಗಿದೆ. ಅವರ ತಪ್ಪಿನಲ್ಲಿ ನಮ್ಮ ಪಾಲೆಷ್ಟು ಅಂತ ಅಳೆಯಲು ನನಗೆ ಇನ್ನೂ ಬಂದಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ರು ಸಹಿ ಹಾಕ್ದೇ ಇದ್ದಿದ್ರೆ ಎಲ್ಲಿಗೆ ಹಾಕ್ತಿದ್ರಣ್ಣ?" ಅಂದ. ಜಗಲಿ ಮೇಲೆ ಮಲಗಿದ್ದ ಅಪ್ಪ ಅಲ್ಲಿಂದಲೇ, "ಬೀದರ್‌ಗೋ ಎಲ್ಗೋ ಹಾಕ್ತಿದ್ರು. ಅಲ್ಲೂ ಮಣ್ಣು ಅಗೆಯೋರು ಇರ್ತಾರೆ ಕಣ್ಲಾ ಮಗಾ, ಹೋಗ್ಬೋದಿತ್ತು" ಅಂದರು.

ಕೋರ್ಸು ಬರೆದು ಕೊಡಲು ಇನ್ನೂ ಮೂರು ದಿನ ಇದೆ. ಅವನವ್ವ ಒಪ್ಪಿಲ್ಲ.