ಹೊರಹಾಕಿಸಿಕೊಂಡವನ ಹೊಣೆ

ವಕೀಲಿ ವೃತ್ತಿಗೆ ಹೊಸದಾಗಿ ಕಾಲಿಡುವವರಲ್ಲಿ ಬಹಳ ಮಂದಿ ಮೊದಲ ಕೆಲವು ವರ್ಷಗಳನ್ನು ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕಳೆಯುತ್ತಾರೆ. ಸಣ್ಣ ಕಚೇರಿಯೆಂದರೆ ಎರಡು ಕೋಣೆ, ಒಬ್ಬ ಗುಮಾಸ್ತ, ಮೂರು ನಾಲ್ಕು ಜನ ಕಿರಿಯರು. ಹಿರಿಯರ ಮಾತೇ ಅಲ್ಲಿ ನಿಯಮ. ಅವರು ಸಜ್ಜನರಾದರೆ ಅದು ಗುರುಕುಲ. ಅಲ್ಲವಾದರೆ ಕಕ್ಷಿದಾರರ ಎದುರಿಗೇ ಬೈಗುಳ, ಹಿರಿಯರ ತಪ್ಪಿಗೆ ಕಿರಿಯರ ತಲೆದಂಡ, ತಿಂಗಳುಗಟ್ಟಲೆ ಬಾಕಿ ಉಳಿಯುವ ಗೌರವಧನ, ಇವೆಲ್ಲ ತರಬೇತಿಯೆಂಬ ಹೆಸರಿನಲ್ಲಿ ನಡೆದುಹೋಗುತ್ತವೆ. ಕೊನೆಗೊಂದು ಸಂಜೆ 'ನಾಳೆಯಿಂದ ಬರಬೇಡ' ಎಂಬ ಮಾತು. ಪತ್ರವಿಲ್ಲ, ಕಾರಣವಿಲ್ಲ.

ಇಂಥವನಿಗೆ ಹೊರಗಿನ ಆಸರೆ ಅಲ್ಪ. ವಕೀಲನು ಪೂರ್ಣಾವಧಿಯ ಸಂಬಳದ ನೌಕರನಾಗಿರಕೂಡದೆಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮಾಂತರ ಪ್ರದೇಶಗಳಲ್ಲಿ 15,000 ರೂಪಾಯಿ ಸಲ್ಲಬೇಕೆಂದು ಪರಿಷತ್ತು 2024ರ ಅಕ್ಟೋಬರಿನಲ್ಲಿ ಸೂಚಿಸಿತಾದರೂ ಅದು ಶಿಫಾರಸು ಮಾತ್ರ.

ಆದರೆ ಹೊರಬಿದ್ದವನ ಕೈ ಪೂರ್ತಿ ಬರಿದಲ್ಲ. ಚೀಲದಲ್ಲಿ ಒಂದೆರಡು ಕಡತಗಳಿರುತ್ತವೆ, ನೆನಪಿನಲ್ಲಿ ಕಕ್ಷಿದಾರರ ಗುಟ್ಟುಗಳಿರುತ್ತವೆ. ಬಾಕಿ ತೀರಿಸಿದರೆ ಕಡತ ಕೊಡುವೆನೆಂಬ ಯೋಚನೆ ಬರುವುದು ಸಹಜ. ಕಕ್ಷಿದಾರನೇ ಶುಲ್ಕ ಕೊಡದಿದ್ದರೂ ವಕೀಲನು ಅವನ ಕಾಗದಪತ್ರಗಳನ್ನು ಹಿಡಿದಿಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ತೀರ್ಪಿತ್ತಿದೆ. ಹೀಗಿರುವಾಗ ಹಿರಿಯರು ಉಳಿಸಿಕೊಂಡ ಬಾಕಿಗೆ ಕಕ್ಷಿದಾರನ ಕಡತ ಒತ್ತೆಯಾಗುವುದು ಹೇಗೆ? ಗುಟ್ಟಿನ ಮಾತೂ ಅಷ್ಟೇ. ವೃತ್ತಿಸಂಬಂಧ ಮುಗಿದ ಮೇಲೂ ಅದನ್ನು ಕಾಯಬೇಕೆಂದು 1872ರ ಸಾಕ್ಷ್ಯ ಕಾಯಿದೆ ಹೇಳಿತ್ತು; ಅದರ ಸ್ಥಾನಕ್ಕೆ 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಹಿರಿಯರ ಮೇಲಿನ ಸೇಡಿಗಾಗಿ ಎಸೆದ ಕಲ್ಲು, ಪಿತ್ರಾರ್ಜಿತ ಜಮೀನಿನ ವ್ಯಾಜ್ಯದಲ್ಲಿ ಹತ್ತು ವರ್ಷ ಅಲೆದ ಯಾರೋ ಬಡಪಾಯಿಯ ತಲೆಗೆ ಬೀಳುತ್ತದೆ.

ಮನೆಯ ಹಿರಿಯರು ಸಾಮಾನ್ಯವಾಗಿ 'ಹೋಗಲಿ ಬಿಡಪ್ಪ, ಕ್ಷಮಿಸಿಬಿಡು' ಎನ್ನುತ್ತಾರೆ. ಕ್ಷಮೆಯನ್ನು ಸದಾ ಸೋತವನಿಂದಲೇ ಬೇಡುವ ಈ ಲೋಕರೂಢಿ ವಿಚಾರಾರ್ಹವಾದುದು. ವೈರವನ್ನು ತೊರೆಯುವುದು ಬೇರೆ, ದುಡಿದ ಹಣವನ್ನು ತೊರೆಯುವುದು ಬೇರೆ. ಬಾಕಿಯನ್ನು ಕೇಳಿ ಒಂದು ಪತ್ರ ಬರೆಯುವುದರಲ್ಲಿ ಕ್ರೋಧವೇನೂ ಇಲ್ಲ. ಕ್ರೋಧದ ತರತಮವನ್ನು ಕಲ್ಲು, ಮಣ್ಣು, ಮರಳು, ನೀರಿನ ಮೇಲೆ ಎಳೆದ ಗೆರೆಗಳಿಗೆ ಹೋಲಿಸಿದ ನಮ್ಮ ಶಾಸ್ತ್ರಕಾರರು, ಅದು ಎಷ್ಟು ಜೋರಾಗಿ ಎದ್ದಿತೆಂದು ಕೇಳಲಿಲ್ಲ. ಎಷ್ಟು ಕಾಲ ಉಳಿಯಿತೆಂದು ಕೇಳಿದರು. ಊರಿನ ವಕೀಲನಿಗೆ ಇದು ಸುಲಭವಲ್ಲ. ಹೊರದೂಡಿದ ಹಿರಿಯರು ಮರುದಿನವೇ ಅದೇ ನ್ಯಾಯಾಲಯದ ಪಡಸಾಲೆಯಲ್ಲಿ ಎದುರಾಗುತ್ತಾರೆ. ಕೆಲವೊಮ್ಮೆ ಎದುರುಪಕ್ಷದ ವಕೀಲರಾಗಿಯೇ! ಆಗ ನಮಸ್ಕಾರ ಹೇಳಿ ವಾದ ಮಂಡಿಸಿದರೆ ಸಾಕು. ಪ್ರೀತಿಯನ್ನು ನಟಿಸಬೇಕಾಗಿಲ್ಲ.

ಇದಕ್ಕಿಂತ ಕಠಿನವಾದ ಪ್ರಶ್ನೆ ಆರು ತಿಂಗಳ ಬಳಿಕ ಬರುತ್ತದೆ. ಆಗತಾನೆ ಸನ್ನದು ಪಡೆದ ಹುಡುಗಿಯೊಬ್ಬಳು, 'ಅಣ್ಣಾ, ಆ ಕಚೇರಿ ಹೇಗೆ? ಸೇರಬಹುದೇ?' ಎಂದು ಕೇಳುತ್ತಾಳೆ. ಪರನಿಂದೆ ಕೂಡದೆಂದು ಸುಮ್ಮನಿರುವುದು ಸಭ್ಯವಾಗಿ ಕಾಣುತ್ತದೆ. ಆದರೆ ಆ ಮೌನದ ಬೆಲೆಯನ್ನು ತೆರುವವಳು ಅವಳು. ತೋಟದ ದಾರಿಯಲ್ಲಿ ಹಾಳುಬಾವಿಯಿದೆಯೆಂದು ತಿಳಿದವನು ಬಾವಿಯ ಮಾನವನ್ನು ಕಾಯುತ್ತ ಕೂರುವುದಿಲ್ಲ. ಇಷ್ಟು ಮಾತ್ರ ನಿಜ: ಹೇಳುವವನು ಕಂಡದ್ದನ್ನು ಹೇಳಬೇಕು, ಕೇಳಿದ್ದನ್ನಲ್ಲ. ಎಷ್ಟು ತಿಂಗಳ ಗೌರವಧನ ಬರಲಿಲ್ಲ, ಎಷ್ಟು ಹೊತ್ತಿನವರೆಗೆ ದುಡಿಸುತ್ತಿದ್ದರು, ಯಾವ ಮಾತು ಬಂದಿತು ಎಂಬುದನ್ನು ಕೇಳಿದವಳಿಗೆ ಹೇಳಬೇಕು. ಸಂಘದ ಚಹಾದಂಗಡಿಯಲ್ಲಿ ಕೂತು ಊರಿಗೆಲ್ಲ ಅಲ್ಲ. ಹಿರಿಯರಿಂದ ಕಲಿತ ವಿದ್ಯೆಯೇನಾದರೂ ಇದ್ದರೆ ಅದನ್ನೂ ಮುಚ್ಚಿಡಬಾರದು.

ಅವಳು ಎಲ್ಲವನ್ನೂ ಕೇಳಿ ಅಲ್ಲಿಗೇ ಸೇರಲೂಬಹುದು. ಬಾಡಿಗೆ ಕಟ್ಟಬೇಕಾದವರಿಗೆ ಆಯ್ಕೆ ಕಡಿಮೆ. ಹಾಗಿದ್ದಲ್ಲಿ ಬಂದ ಹಣ, ಬಾರದ ಹಣ ಎರಡನ್ನೂ ಮೊದಲ ತಿಂಗಳಿನಿಂದಲೇ ಒಂದು ಪುಸ್ತಕದಲ್ಲಿ ಬರೆದಿಡುವಂತೆ ಅವಳಿಗೆ ಹೇಳಿಕೊಡಬಹುದು.